ನೊಣವಿನಕೆರೆಯ ಉಮಾಶ್ರೀ: ಸಾಕವ್ವನಿಂದ ಪುಟ್ಟಕ್ಕನವರೆಗೆ

ತಿಪಟೂರು: ತಾಲ್ಲೂಕಿನ ಯಾವ ಹೋಟೆಲಲ್ಲಿ ಕೂತು ‘ಉಮಾಶ್ರೀ ಅಂದ್ರೆ ಯಾವ ಪಾತ್ರ ನೆನಪಾಗುತ್ತೆ?’ ಅಂತ ಕೇಳಿ ನೋಡಿ, ಉತ್ತರ ವಯಸ್ಸಿನ ಮೇಲೆ ಬದಲಾಗುತ್ತೆ. ಐವತ್ತು ದಾಟಿದವರಿಗೆ ಅವರು ‘ಅನುಭವ’ ಸಿನಿಮಾದ ಪದ್ಮಿ. ನಲವತ್ತರ ಆಸುಪಾಸಿನವರಿಗೆ ‘ಪುಟ್ನಂಜ’ದ ಪುಟ್ಮಲ್ಲಿ. ಸಂಜೆ ಟಿವಿ ಮುಂದೆ ಕೂರುವ ಮನೆಗಳಲ್ಲಿ ಪುಟ್ಟಕ್ಕ. ನಾಟಕ ನೋಡೋ ಅಭ್ಯಾಸ ಇರುವ ನಾಲ್ಕು ಜನ ಮಾತ್ರ ಇನ್ನೊಂದು ಹೆಸರು ಹೇಳ್ತಾರೆ: ಸಾಕವ್ವ.

ಈ ನಾಲ್ಕೂ ಹೆಂಗಸರು ಒಬ್ಬರೇ. ಅವರು ನಮ್ಮ ತಾಲ್ಲೂಕಿನ ನೊಣವಿನಕೆರೆಯವರು. ಆದರೆ ಸಿನಿಮಾದವರು ಬಹಳ ವರ್ಷ ಅವರಲ್ಲಿ ಒಂದೇ ಮುಖ ನೋಡಿದ್ರು, ನಗಿಸೋ ಮುಖ. ಉಳಿದ ಮುಖ ರಂಗದ ಮೇಲೆ ಮೊದಲಿನಿಂದ ಇತ್ತು. ಅದು ತೆರೆಯ ಮೇಲೆ ಪೂರ್ತಿಯಾಗಿ ಕಾಣೋಕೆ ಇಪ್ಪತ್ತನಾಲ್ಕು ವರ್ಷ ಬೇಕಾಯ್ತು. ಆ ದಾರಿಯ ವಿವರ ಇಲ್ಲಿದೆ.

ಊರು, ಜಿಲ್ಲೆ

ಉಮಾಶ್ರೀ ಹುಟ್ಟಿದ್ದು 1957ರ ಮೇ 10ರಂದು, ತಿಪಟೂರು ತಾಲ್ಲೂಕಿನ ನೊಣವಿನಕೆರೆಯಲ್ಲಿ. ಹೊರಗಿನವರಿಗೆ ತಿಪಟೂರು ಅಂದ್ರೆ ತೆಂಗು, ಕೊಬ್ಬರಿ, ಎಪಿಎಂಸಿ ಹರಾಜು. ಆದರೆ ನಾಟಕ ಮತ್ತು ನಗುವಿನ ಲೆಕ್ಕದಲ್ಲೂ ಈ ಸೀಮೆ ಸಣ್ಣದಲ್ಲ. ಪಕ್ಕದ ಗುಬ್ಬಿ ತಾಲ್ಲೂಕು ಗುಬ್ಬಿ ವೀರಣ್ಣನವರ ಕಂಪನಿಯಿಂದ ಹೆಸರಾದದ್ದು. ‘ಹಾಸ್ಯ ಚಕ್ರವರ್ತಿ’ ನರಸಿಂಹರಾಜು ಅವರ ಇನಿಷಿಯಲ್ ಟಿ.ಆರ್. ಅಲ್ಲಿರುವ ‘ಟಿ’ ತಿಪಟೂರೇ.

ನರಸಿಂಹರಾಜು ಬೆಳೆದದ್ದು ಕಂಪನಿ ನಾಟಕಗಳಲ್ಲಿ. ಉಮಾಶ್ರೀ ಹೆಸರು ಮಾಡಿದ್ದು ಬೆಂಗಳೂರಿನ ಹವ್ಯಾಸಿ ರಂಗಭೂಮಿಯಲ್ಲಿ. ಇವೆರಡರ ವ್ಯತ್ಯಾಸ ಗೊತ್ತಿದ್ರೆ ಮುಂದಿನ ಕಥೆ ಅರ್ಥ ಆಗುತ್ತೆ. ಕಂಪನಿ ನಾಟಕ ಅಂದ್ರೆ ಊರೂರಿಗೆ ಟೆಂಟ್ ಹಾಕಿ, ಟಿಕೆಟ್ ಮಾರಿ, ಅದರಲ್ಲೇ ಹೊಟ್ಟೆ ಹೊರೆಯೋ ತಂಡ. ಹವ್ಯಾಸಿ ರಂಗಭೂಮಿ ಅಂದ್ರೆ ಹಗಲು ಬೇರೆ ಕೆಲಸ, ಸಂಜೆ ತಾಲೀಮು, ಪ್ರದರ್ಶನಕ್ಕೆ ಸಿಗೋದು ಬಹುತೇಕ ಚಪ್ಪಾಳೆ ಮಾತ್ರ. ಅದರಿಂದ ಹೆಸರು ಬರುತ್ತೆ, ಮನೆ ನಡೆಯಲ್ಲ. ಸಂಪಾದನೆಗೆ ಸಿನಿಮಾ ಬೇಕು.

ಸಾಕವ್ವ

ದೇವನೂರ ಮಹಾದೇವ ಅವರ ‘ಒಡಲಾಳ’ ಕನ್ನಡದ ಮುಖ್ಯ ಕೃತಿಗಳಲ್ಲಿ ಒಂದು. ಅದರ ನಡುವೆ ನಿಂತವಳು ಸಾಕವ್ವ ಅನ್ನೋ ದಲಿತ ಮುದುಕಿ. ಅವಳ ಹುಂಜ ಕಳೆದುಹೋಗಿದೆ. ಹುಂಜ ಹುಡುಕ್ತಾ ಕೇರಿಯನ್ನೆಲ್ಲ ಬೈಯ್ತಾಳೆ. ಅದೇ ರಾತ್ರಿ ಮಗ ಒಂದು ಮೂಟೆ ಕಡಲೆಕಾಯಿ ಕದ್ದು ತರ್ತಾನೆ. ಮನೆ ಮಂದಿಯೆಲ್ಲ ಬೆಂಕಿ ಸುತ್ತ ಕೂತು ತಿಂತಾರೆ. ಬೆಳಗಾದ್ರೆ ಪೊಲೀಸರು ಬಾಗಿಲಿಗೆ.

ಸಿ.ಜಿ. ಕೃಷ್ಣಸ್ವಾಮಿ, ರಂಗದವರ ಬಾಯಲ್ಲಿ ಸಿಜಿಕೆ, ಇದನ್ನು ರಂಗಕ್ಕೆ ತಂದಾಗ ಸಾಕವ್ವ ಆಗಿದ್ದು ಉಮಾಶ್ರೀ. ಮುದುಕಿ ಪಾತ್ರಕ್ಕೆ ಬೇಕಾದ ವಯಸ್ಸು ಅವರಿಗೆ ಆಗ ಇರಲಿಲ್ಲ. ಬೆನ್ನು ಬಗ್ಗಿಸಿದ್ರೆ ಮುದುಕಿ ಆಗ್ಬಹುದು, ಆದರೆ ಸಾಕವ್ವನ ಮಾತು ಸುಲಭ ಅಲ್ಲ. ಅದು ನಂಜನಗೂಡು ಸೀಮೆಯ ಕನ್ನಡ. ತಿಪಟೂರಿನ ಕನ್ನಡಕ್ಕೂ ಅದಕ್ಕೂ ಉಚ್ಚಾರದಲ್ಲೇ ದೂರ ಇದೆ. ಬೈಗುಳದ ಒಳಗೇ ಅಳು, ಅಳುವಿನ ಒಳಗೇ ನಗು ಇರೋ ಪಾತ್ರ ಅದು. ಇವತ್ತಿಗೂ ‘ಒಡಲಾಳ’ ನಾಟಕದ ಮಾತು ಬಂದ್ರೆ ಅವರ ಹೆಸರು ಬಿಟ್ಟು ಮಾತು ಮುಗಿಯಲ್ಲ.

ಈ ಪಾತ್ರ ನೆನಪಲ್ಲಿ ಇಟ್ಕೊಳ್ಳಿ. ಉಮಾಶ್ರೀ ಗಂಭೀರ ಪಾತ್ರಕ್ಕೆ ‘ಆಮೇಲೆ ಬಂದವರು’ ಅನ್ನೋ ಮಾತು ತಪ್ಪು. ಅವರು ಮೊದಲಿನಿಂದ ಅಲ್ಲೇ ಇದ್ರು. ಸಿನಿಮಾ ಅಲ್ಲಿಗೆ ತಡವಾಗಿ ಬಂತು.

ಪದ್ಮಿ, ಆಮೇಲಿನ ಕಾಮಿಡಿ

1984ರಲ್ಲಿ ಕಾಶೀನಾಥ್ ಅವರ ‘ಅನುಭವ’ ಬಂತು. ಮದುವೆ, ಗಂಡು-ಹೆಣ್ಣಿನ ಸಂಬಂಧದ ಬಗ್ಗೆ ಆ ಕಾಲಕ್ಕೆ ಯಾರೂ ಬಾಯಿ ಬಿಡದ ವಿಷಯವನ್ನ ನೇರವಾಗಿ ಹೇಳಿದ ಸಿನಿಮಾ. ಓಡಿದ್ದೂ ಚೆನ್ನಾಗಿ ಓಡ್ತು, ಬೈಸಿಕೊಂಡಿದ್ದೂ ಉಂಟು. ಆಮೇಲೆ ಕಾಶೀನಾಥ್ ಅದನ್ನ ಹಿಂದಿಯಲ್ಲೂ ಮಾಡಿದ್ರು. ಅದರಲ್ಲಿ ಪದ್ಮಿ ಅನ್ನೋ ಬಿಂಕದ ಹಳ್ಳಿ ಹೆಂಗಸಿನ ಪಾತ್ರ ಉಮಾಶ್ರೀಯವರದ್ದು. ಒಂದೇ ಸಿನಿಮಾದಲ್ಲಿ ರಾಜ್ಯಕ್ಕೆಲ್ಲ ಮುಖ ಪರಿಚಯ ಆಯ್ತು.

ಸಿನಿಮಾ ಮಾರುಕಟ್ಟೆಯ ರೀತಿ ಅಂಗಡಿ ಇಟ್ಟವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಸರಕು ಓಡ್ತು ಅಂದ್ರೆ ಅದೇ ಸರಕನ್ನ ಮತ್ತೆ ಮತ್ತೆ ತರಿಸ್ತಾರೆ. ಪದ್ಮಿ ಓಡಿದ ಮೇಲೆ ಉಮಾಶ್ರೀಯವರನ್ನ ಹುಡುಕಿಕೊಂಡು ಬಂದ ಪಾತ್ರಗಳಲ್ಲಿ ಹೆಚ್ಚಿನವು ಅದೇ ಅಚ್ಚಿನವು: ಕಾಮಿಡಿ ಟ್ರ್ಯಾಕ್, ಡಬಲ್ ಮೀನಿಂಗ್ ಮಾತು, ಜೋರು ಹೆಂಡತಿ, ಬಾಯಿಬಡುಕಿ. ಎನ್.ಎಸ್. ರಾವ್, ಮೈಸೂರು ಲೋಕೇಶ್, ಡಿಂಗ್ರಿ ನಾಗರಾಜ್, ಮುಖ್ಯಮಂತ್ರಿ ಚಂದ್ರು ಇವರೆಲ್ಲರ ಜೊತೆ ಜೋಡಿಯಾಗಿ ನಗಿಸಿದ್ರು. ಒಟ್ಟು ಸಿನಿಮಾಗಳ ಸಂಖ್ಯೆ ನೂರುಗಳಲ್ಲಿ ಎಣಿಸಬೇಕು.

ನಗಿಸೋದು ಕೀಳು ಕೆಲಸ ಅಲ್ಲ. ಟೈಮಿಂಗ್ ಒಂದು ಗುಕ್ಕು ತಪ್ಪಿದ್ರೂ ನಗು ಬರಲ್ಲ. ಆದರೆ ಆ ಕಾಲದ ಕಾಮಿಡಿಯಲ್ಲಿ ಗಂಡಸಿಗೆ ‘ಹಾಸ್ಯ ನಟ’ ಅನ್ನೋ ಬಿರುದು ಸಿಕ್ತಿತ್ತು. ಅದೇ ಮಾತಿಗೆ ಎದುರು ಮಾತಾಡಿದ ಹೆಂಗಸಿಗೆ ‘ಅಂಥ ಪಾತ್ರ ಮಾಡೋಳು’ ಅನ್ನೋ ಹಣೆಪಟ್ಟಿ. ಒಂದೇ ಜೋಕು, ಇಬ್ಬರಿಗೆ ಬೇರೆ ಬೇರೆ ಬೆಲೆ. ಆ ವ್ಯತ್ಯಾಸದ ಭಾರ ಹೊತ್ತವರು ಉಮಾಶ್ರೀ ಮತ್ತು ಅವರ ಹಾಗೆ ಕಾಮಿಡಿ ಮಾಡಿದ ನಟಿಯರು.

ಪೋಷಕ ನಟಿ ಅಂದ್ರೆ ಯಾರು?

ನಾಯಕ-ನಾಯಕಿಗೆ ಸಿನಿಮಾ ಪೂರ್ತಿ ಇರುತ್ತೆ. ತಪ್ಪಿದ್ರೆ ಮುಂದಿನ ಸೀನಲ್ಲಿ ಸರಿ ಮಾಡ್ಕೋಬಹುದು. ಪೋಷಕ ನಟಿಗೆ ಸಿಗೋದು ನಾಲ್ಕೈದು ಸೀನು. ಕೆಲವು ದಿನದ ಕಾಲ್‌ಶೀಟ್ ಕೊಟ್ಟು, ಬೆಳಗ್ಗೆ ಹೋಗಿ ಸೀರೆ ಉಟ್ಟು, ಹೇಳಿದ ಮಾತು ಹೇಳಿ, ಮರುದಿನ ಇನ್ನೊಂದು ಸೆಟ್ಟಿಗೆ ಓಡ್ಬೇಕು. ಅಷ್ಟರಲ್ಲೇ ಆ ಹೆಂಗಸಿಗೆ ಒಂದು ಊರು, ಒಂದು ಜಾತಿ, ಒಂದು ಬಡತನ, ಒಂದು ಸಿಟ್ಟು ಇದೆ ಅಂತ ನೋಡೋರಿಗೆ ಅನ್ನಿಸ್ಬೇಕು.

ಇನ್ನೊಂದು ವಿಷಯ ವಯಸ್ಸಿನದ್ದು. ಸಿನಿಮಾದಲ್ಲಿ ಹೀರೋಗೆ ವಯಸ್ಸಾಗಲ್ಲ, ಜೊತೆಯ ನಟಿಯರಿಗೆ ಬೇಗ ಆಗುತ್ತೆ. 1995ರ ‘ಪುಟ್ನಂಜ’ವನ್ನೇ ನೋಡಿ. ರವಿಚಂದ್ರನ್ ನಾಯಕ, ಉಮಾಶ್ರೀ ಅವರ ಅಜ್ಜಿ ಪುಟ್ಮಲ್ಲಿ. ಆಗ ಉಮಾಶ್ರೀಯವರಿಗೆ 38 ವರ್ಷ. ಮೊಮ್ಮಗನ ಪಾತ್ರ ಮಾಡಿದ ರವಿಚಂದ್ರನ್‌ಗಿಂತ ಅವರು ದೊಡ್ಡವರಾಗಿದ್ದು ಬರೀ ನಾಲ್ಕು ವರ್ಷ! ಆದರೂ ನೋಡಿದ ಜನಕ್ಕೆ ಇದು ಸುಳ್ಳು ಅನ್ನಿಸಲಿಲ್ಲ. ಮೊಮ್ಮಗನ ಮೇಲಿನ ಪ್ರೀತಿ, ಗದರೋದು, ಕುಣಿಯೋದು, ಕೊನೆಗೆ ಕಣ್ಣಲ್ಲಿ ನೀರು ತರಿಸೋದು ಎಲ್ಲಾ ಆ ಅಜ್ಜಿಯಲ್ಲಿತ್ತು. ಸಾಕವ್ವನನ್ನ ಮಾಡಿ ಪಳಗಿದ್ದ ನಟಿಗೆ ಪುಟ್ಮಲ್ಲಿ ಹೊಸಬಳಾಗಿರಲಿಲ್ಲ.

ಅದಕ್ಕೂ ಮುಂಚೆ, 1994ರಲ್ಲಿ ನಾಗತಿಹಳ್ಳಿ ಚಂದ್ರಶೇಖರ್ ಅವರ ‘ಕೊಟ್ರೇಶಿ ಕನಸು’ ಬಂದಿತ್ತು. ಕುಂ. ವೀರಭದ್ರಪ್ಪ ಅವರ ಕಥೆ. ಓದಬೇಕು ಅಂತ ಆಸೆ ಪಡೋ ದಲಿತ ಹುಡುಗ, ಅವನನ್ನ ಸಹಿಸದ ಊರು. ಹುಡುಗನಾಗಿ ವಿಜಯ ರಾಘವೇಂದ್ರ, ತಾಯಿಯಾಗಿ ಉಮಾಶ್ರೀ. ಗಂಭೀರ ಪಾತ್ರ ಕೊಟ್ರೆ ಏನು ಮಾಡ್ತಾರೆ ಅನ್ನೋದು ಅಲ್ಲೇ ಕಂಡಿತ್ತು. ಆದರೂ ಮಾರುಕಟ್ಟೆ ಹಳೇ ಅಚ್ಚು ಬಿಡಲಿಲ್ಲ.

ಗುಲಾಬಿ

2008ರಲ್ಲಿ ಗಿರೀಶ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ ಬಂತು. ಆಧಾರ ವೈದೇಹಿಯವರ ಸಣ್ಣಕಥೆ. ಮೂಲ ಕಥೆಯಲ್ಲಿ ಇರೋದು ಲಿಲ್ಲಿಬಾಯಿ ಅನ್ನೋ ಸೂಲಗಿತ್ತಿ. ಕಾಸರವಳ್ಳಿ ಅವಳನ್ನ ಗುಲಾಬಿ ಅನ್ನೋ ಮುಸ್ಲಿಂ ಹೆಂಗಸಾಗಿ ಮಾಡಿ, ಕಥೆಯನ್ನ ಕಾರ್ಗಿಲ್ ಯುದ್ಧದ ಹೊತ್ತಿಗೆ, ಕುಂದಾಪುರ ಕಡೆಯ ಮೀನುಗಾರರ ಹಳ್ಳಿಗೆ ತಂದ್ರು.

ಗುಲಾಬಿ ಸೂಲಗಿತ್ತಿ. ಗಂಡ ಮೂಸಾ ಇನ್ನೊಂದು ಸಂಸಾರ ಮಾಡ್ಕೊಂಡು ಇವಳನ್ನ ಬಿಟ್ಟಿದ್ದಾನೆ. ಅವಳಿಗೆ ಇರೋ ಒಂದೇ ಹುಚ್ಚು ಸಿನಿಮಾ. ಒಂದು ಮನೆಯವರು ಹೆರಿಗೆ ಮಾಡಿಸಿದ್ದಕ್ಕೆ ಪ್ರತಿಯಾಗಿ ಅವಳ ಗುಡಿಸಲಿಗೆ ಕಲರ್ ಟಿವಿ, ಡಿಶ್ ಆಂಟೆನಾ ಹಾಕಿಸಿಕೊಡ್ತಾರೆ. ಅಲ್ಲಿವರೆಗೆ ಅವಳ ಮನೆಗೆ ಕಾಲಿಡದಿದ್ದ ಹೆಂಗಸರು ಟಿವಿ ನೋಡೋಕೆ ಬಂದು ಕೂರ್ತಾರೆ, ಮಾತಾಡ್ತಾರೆ, ಕಷ್ಟಸುಖ ಹೇಳ್ಕೊಳ್ತಾರೆ. ಎಂ.ಡಿ. ಪಲ್ಲವಿ ಮಾಡಿದ ನೇತ್ರು ಅವಳಿಗೆ ಮಗಳ ಹಾಗೆ ಆಗ್ತಾಳೆ. ಆಮೇಲೆ ನೇತ್ರು ಕಾಣೆಯಾದಾಗ ತಪ್ಪು ಗುಲಾಬಿಯ ತಲೆಗೆ ಬರುತ್ತೆ. ಯುದ್ಧದ ಸುದ್ದಿ, ಮೀನುಗಾರಿಕೆಯ ಪೈಪೋಟಿ ಎರಡೂ ಸೇರಿ ಊರು ಎರಡಾಗುತ್ತೆ. ನೂರಾರು ಮಕ್ಕಳನ್ನ ಕೈಯಲ್ಲಿ ಹಿಡಿದ ಸೂಲಗಿತ್ತಿ ಅದೇ ಊರಿಗೆ ಬೇಡವಾಗ್ತಾಳೆ.

ಇಲ್ಲಿ ಉಮಾಶ್ರೀ ಆಡಿದ್ದು ಕುಂದಾಪುರ ಕನ್ನಡ. ದೊಡ್ಡ ದನಿಯ ನಟಿ ಅಂತ ಹೆಸರಾದವರು ಈ ಸಿನಿಮಾದಲ್ಲಿ ಬಹಳ ಕಡೆ ಬರೀ ನೋಡ್ತಾರೆ. ಟಾಕೀಸಿನ ಕತ್ತಲಲ್ಲಿ ಪರದೆ ನೋಡುವಾಗ ಆ ಮುಖದಲ್ಲಿ ಬರುವ ಬೆಳಕಿಗೆ ಮಾತೇ ಬೇಕಿಲ್ಲ.

ರಾಜ್ಯ ಪ್ರಶಸ್ತಿ ಬಂತು. 2007ರ ಸಾಲಿನ, ಅಂದ್ರೆ 55ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಯಲ್ಲಿ ಶ್ರೇಷ್ಠ ನಟಿ ಗೌರವವೂ ಬಂತು. ಕನ್ನಡ ಸಿನಿಮಾದ ಅಭಿನಯಕ್ಕೆ ಆ ಪ್ರಶಸ್ತಿ ಪಡೆದವರಲ್ಲಿ ಅವರು ಮೂರನೆಯವರು. ಮೊದಲು ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ, ಆಮೇಲೆ ‘ಹಸೀನಾ’ ಚಿತ್ರಕ್ಕೆ ತಾರಾ. ಇದು ಪೋಷಕ ನಟಿ ಪ್ರಶಸ್ತಿ ಅಲ್ಲ, ಶ್ರೇಷ್ಠ ನಟಿ ಪ್ರಶಸ್ತಿ ಅನ್ನೋದನ್ನ ಗಮನಿಸಬೇಕು. ‘ಅನುಭವ’ದಿಂದ ಇಲ್ಲಿಗೆ 24 ವರ್ಷ.

ಇಬ್ಬರು ‘ಕಾಮಿಡಿ’ಯವರ ಸಿನಿಮಾ

2010ರಲ್ಲಿ ಕಾಸರವಳ್ಳಿಯವರ ‘ಕನಸೆಂಬೋ ಕುದುರೆಯನೇರಿ’ ಬಂತು. ಅಮರೇಶ ನುಗಡೋಣಿ ಅವರ ಕಥೆ, ಉತ್ತರ ಕರ್ನಾಟಕದ ಹಳ್ಳಿ. ಹೆಣ ಹೂಳೋಕೆ ಗುಂಡಿ ತೋಡೋ ಈರ್ಯಾ, ಅವನ ಹೆಂಡತಿ ರುದ್ರಿ. ಈರ್ಯಾ ಆಗಿದ್ದು ವೈಜನಾಥ ಬಿರಾದಾರ, ರುದ್ರಿ ಆಗಿದ್ದು ಉಮಾಶ್ರೀ. ಬಿರಾದಾರ ಅಂದ್ರೆ ಭಿಕ್ಷುಕ, ಕುಡುಕ ಪಾತ್ರದಲ್ಲಿ ಎರಡು ನಿಮಿಷ ಬಂದು ನಗಿಸಿ ಹೋಗ್ತಿದ್ದ ನಟ. ಸಿನಿಮಾ ಇಬ್ಬರನ್ನೂ ಮೂಲೆಯಲ್ಲಿ ಇಟ್ಟಿತ್ತು. ಈ ಚಿತ್ರದಲ್ಲಿ ಆ ಇಬ್ಬರೇ ಗಂಡ-ಹೆಂಡತಿಯಾಗಿ ಇಡೀ ಕಥೆ ಹೊತ್ತರು. ಬಿರಾದಾರ ಅವರಿಗೆ ಸ್ಪೇನ್‌ನ ಚಿತ್ರೋತ್ಸವದಲ್ಲಿ ಶ್ರೇಷ್ಠ ನಟ ಪ್ರಶಸ್ತಿ ಸಿಕ್ತು.

2012ರ ‘ಸಂಗೊಳ್ಳಿ ರಾಯಣ್ಣ’ದಲ್ಲಿ ಉಮಾಶ್ರೀ ರಾಯಣ್ಣನ ತಾಯಿ. ಗಡಿನಾಡಿನ ಕನ್ನಡ, ಮಗನನ್ನ ಯುದ್ಧಕ್ಕೆ ಕಳಿಸೋ ಅವ್ವ. ಒಂದು ಲೆಕ್ಕ ಹಾಕಿ ನೋಡಿ: ನಂಜನಗೂಡು, ಕುಂದಾಪುರ, ಉತ್ತರ ಕರ್ನಾಟಕ. ಕನ್ನಡದ ಎಷ್ಟೋ ಬಗೆಗಳು ಈ ನೊಣವಿನಕೆರೆ ನಾಲಿಗೆ ಮೇಲೆ ಹಾದು ಹೋಗಿವೆ.

ತೇರದಾಳ, ಮಂತ್ರಿಗಿರಿ

ರಾಜಕೀಯದಲ್ಲಿ ಅವರು ಕಾಂಗ್ರೆಸ್. ಬಾಗಲಕೋಟೆ ಜಿಲ್ಲೆಯ ತೇರದಾಳ ಕ್ಷೇತ್ರದಿಂದ 2008ರಲ್ಲಿ ನಿಂತು ಸೋತರು. ರಬಕವಿ-ಬನಹಟ್ಟಿ ಸೇರಿದ ನೇಕಾರರ ಸೀಮೆ ಅದು, ತಿಪಟೂರಿಂದ ನೂರಾರು ಕಿಲೋಮೀಟರ್ ದೂರ. ಸೋತ ಮೇಲೆ ಕ್ಷೇತ್ರ ಬಿಡಲಿಲ್ಲ. 2013ರಲ್ಲಿ ಅಲ್ಲಿಂದಲೇ ಗೆದ್ದು ಸಿದ್ದರಾಮಯ್ಯ ಸರ್ಕಾರದಲ್ಲಿ ಮಂತ್ರಿಯಾದರು. ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ, ಕನ್ನಡ ಮತ್ತು ಸಂಸ್ಕೃತಿ ಖಾತೆಗಳನ್ನ ನೋಡಿಕೊಂಡರು. ಬೀದಿಯಲ್ಲಿ, ಬಯಲಲ್ಲಿ ನಾಟಕ ಆಡಿದ ನಟಿಯೇ ಕಲಾವಿದರ ಇಲಾಖೆಗೆ ಮಂತ್ರಿ ಆಗಿದ್ದು ವಿಶೇಷ.

2018ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. 2023ರಲ್ಲಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಮಂತ್ರಿಗಿರಿ ಮುಗಿದ ಮೇಲೆ ತುಂಬಾ ಜನ ಮನೆ ಸೇರ್ತಾರೆ. ಉಮಾಶ್ರೀ ಮತ್ತೆ ಬಣ್ಣ ಹಚ್ಚಿದ್ರು.

ಸರೋಜ, ಪುಟ್ಟಕ್ಕ

2021 ಅವರಿಗೆ ಎರಡನೇ ಸುತ್ತು. ರೋಹಿತ್ ಪದಕಿ ನಿರ್ದೇಶನದ ‘ರತ್ನನ್ ಪ್ರಪಂಚ’ದಲ್ಲಿ ಧನಂಜಯ ಅವರ ಸಾಕುತಾಯಿ ಸರೋಜ. ಮಗನ ತಲೆ ತಿನ್ನೋ, ಹಠ ಮಾಡೋ, ಬಾಯಿ ಮುಚ್ಚದ ತಾಯಿ. ನಾನು ಇವಳ ಹೊಟ್ಟೆಯಲ್ಲಿ ಹುಟ್ಟಿದವನಲ್ಲ ಅಂತ ಗೊತ್ತಾಗಿ ಹೆತ್ತವಳನ್ನ ಹುಡುಕಿಕೊಂಡು ಹೋಗೋ ಮಗನಿಗೆ, ಸಾಕಿದವಳು ಏನು ಅನ್ನೋದು ಕೊನೆಗೆ ತಿಳಿಯುತ್ತೆ. ಈ ಪಾತ್ರಕ್ಕೆ ಫಿಲ್ಮ್‌ಫೇರ್ ಪೋಷಕ ನಟಿ ಪ್ರಶಸ್ತಿ ಬಂತು. ಹಳೇ ಕಾಮಿಡಿಯ ಬಾಯಿಬಡುಕಿಯೇ ಇವಳು, ಆದರೆ ಈ ಸಲ ಬರೆದವರು ಅವಳಿಗೆ ಒಂದು ಮನಸ್ಸನ್ನೂ ಕೊಟ್ಟಿದ್ರು.

ಅದೇ ವರ್ಷ ಡಿಸೆಂಬರ್ 13ರಂದು ಜೀ ಕನ್ನಡದಲ್ಲಿ ಆರೂರು ಜಗದೀಶ್ ನಿರ್ದೇಶನದ ‘ಪುಟ್ಟಕ್ಕನ ಮಕ್ಕಳು’ ಶುರುವಾಯ್ತು. ಗಂಡ ಇನ್ನೊಬ್ಬಳನ್ನ ಕಟ್ಟಿಕೊಂಡಿದ್ದಾನೆ. ಪುಟ್ಟಕ್ಕ ಮೆಸ್ ಇಟ್ಟು, ಅಡುಗೆ ಮಾಡಿ ಬಡಿಸಿ, ಮೂವರು ಹೆಣ್ಣುಮಕ್ಕಳನ್ನ ಸಾಕ್ತಾಳೆ. ವಾರಗಟ್ಟಲೆ ಟಿಆರ್‌ಪಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ಕಾರಣ ದೂರ ಹುಡುಕಬೇಕಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ಗಾಡಿ ಇಟ್ಟವರು, ಮನೆಯಲ್ಲೇ ಮೆಸ್ ನಡೆಸೋರು, ಹೊಲಿಗೆ ಮಷಿನ್ ಇಟ್ಟುಕೊಂಡು ಮಕ್ಕಳ ಫೀಸ್ ಕಟ್ಟೋರು ಪ್ರತಿ ಊರಲ್ಲೂ ಇದ್ದಾರೆ. ಅವರು ಅಂಗಡಿ ಬಾಗಿಲು ಹಾಕಿ ಬಂದು ನೋಡಿದ್ದು ತಮ್ಮದೇ ದಿನಚರಿಯನ್ನ.

ಮತ್ತೆ ರಂಗಕ್ಕೆ

ಟಿವಿಯ ಹೆಸರು ಜೋರಾಗಿದ್ದಾಗಲೂ ರಂಗ ಬಿಡಲಿಲ್ಲ. ಬೇಲೂರು ರಘುನಂದನ್ ಬರೆದ, ಚಿದಂಬರರಾವ್ ಜಂಬೆ ನಿರ್ದೇಶಿಸಿದ ‘ಶರ್ಮಿಷ್ಠೆ’ ಏಕವ್ಯಕ್ತಿ ನಾಟಕದಲ್ಲಿ ಒಬ್ಬರೇ ರಂಗ ತುಂಬಿದ್ರು. ಮಹಾಭಾರತದ ಶರ್ಮಿಷ್ಠೆ ರಾಜನ ಮಗಳಾಗಿ ಹುಟ್ಟಿ ದೇವಯಾನಿಯ ದಾಸಿಯಾದವಳು. ಏಕವ್ಯಕ್ತಿ ಅಂದ್ರೆ ಎದುರು ಮಾತಾಡೋರಿಲ್ಲ, ಮಾತು ಮರೆತ್ರೆ ಎತ್ತಿಕೊಡೋರಿಲ್ಲ. ಅರವತ್ತು ದಾಟಿದ ಮೇಲೆ ಅದಕ್ಕೆ ಒಪ್ಪಿಕೊಳ್ಳೋದು ಸಣ್ಣ ಮಾತಲ್ಲ. 2025ರ ಜನವರಿಯಲ್ಲಿ ಹೊನ್ನಾವರದಲ್ಲಿ ಗೆಜ್ಜೆ ಕಟ್ಟಿ ಯಕ್ಷಗಾನದಲ್ಲಿ ಮಂಥರೆಯ ವೇಷವನ್ನೂ ಮಾಡಿದ್ರು. ಹೊಸ ವಿದ್ಯೆ ಕಲಿಯೋಕೆ 67 ವರ್ಷ ತಡ ಅಂತ ಅವರಿಗೆ ಅನ್ನಿಸಲಿಲ್ಲ.

ಒಂದೇ ನೋಟದಲ್ಲಿ

- ಹುಟ್ಟು: 1957 ಮೇ 10, ನೊಣವಿನಕೆರೆ, ತಿಪಟೂರು ತಾಲ್ಲೂಕು
- ಹೆಸರು ತಂದ ನಾಟಕ: ‘ಒಡಲಾಳ’ (ಸಾಕವ್ವ)
- ಗಮನ ಸೆಳೆದ ಮೊದಲ ಸಿನಿಮಾ: ‘ಅನುಭವ’, 1984 (ಪದ್ಮಿ)
- ನೋಡಲೇಬೇಕಾದವು: ‘ಕೊಟ್ರೇಶಿ ಕನಸು’ (1994), ‘ಪುಟ್ನಂಜ’ (1995), ‘ಗುಲಾಬಿ ಟಾಕೀಸ್’ (2008), ‘ಕನಸೆಂಬೋ ಕುದುರೆಯನೇರಿ’ (2010), ‘ರತ್ನನ್ ಪ್ರಪಂಚ’ (2021)
- ರಾಷ್ಟ್ರ ಪ್ರಶಸ್ತಿ: ಶ್ರೇಷ್ಠ ನಟಿ, ‘ಗುಲಾಬಿ ಟಾಕೀಸ್’
- ಶಾಸಕಿ, ಮಂತ್ರಿ: ತೇರದಾಳ ಕ್ಷೇತ್ರ, 2013–2018
- ಧಾರಾವಾಹಿ: ‘ಪುಟ್ಟಕ್ಕನ ಮಕ್ಕಳು’ (2021ರಲ್ಲಿ ಶುರು)

ಈ ಪಟ್ಟಿಯ ಹೆಂಗಸರನ್ನ ಸಾಲಾಗಿ ನಿಲ್ಲಿಸಿದ್ರೆ ಒಂದು ವಿಷಯ ಕಾಣುತ್ತೆ. ಹುಂಜ ಹುಡುಕೋ ಸಾಕವ್ವ, ಹೆರಿಗೆ ಮಾಡಿಸೋ ಗುಲಾಬಿ, ಗುಂಡಿ ತೋಡೋನ ಹೆಂಡತಿ ರುದ್ರಿ, ಮೆಸ್ ನಡೆಸೋ ಪುಟ್ಟಕ್ಕ. ಯಾರಿಗೂ ಕೂತು ಉಣ್ಣೋ ಭಾಗ್ಯ ಇಲ್ಲ. ಎಲ್ಲರೂ ದುಡಿದು ತಿನ್ನೋರು, ಬಾಯಿ ಜೋರಿನವರು, ಊರು ಬೇಕಾದಾಗ ಕರೆದು ಬೇಡವಾದಾಗ ಬಿಟ್ಟವರು. ಇಂಥವರು ಸಿನಿಮಾದಲ್ಲಿ ನಾಯಕಿ ಆಗೋದು ಅಪರೂಪ, ಹೆಚ್ಚಂದ್ರೆ ನಗೋಕೆ ಇರ್ತಾರೆ. ಉಮಾಶ್ರೀ ಅವರನ್ನ ನಗಿಸಿಯೂ ತೋರಿಸಿದ್ರು, ನಡುವೆ ನಿಲ್ಲಿಸಿಯೂ ತೋರಿಸಿದ್ರು.

ಮುಂದಿನ ಸಲ ಟಿವಿಯಲ್ಲಿ ಹಳೇ ಸಿನಿಮಾದ ಕಾಮಿಡಿ ಸೀನ್ ಬಂದಾಗ ನಗು ಬಂದ್ರೆ ನಗಿ, ಅದು ಅವರ ಸಂಪಾದನೆಯೇ. ಆಮೇಲೆ ಬಿಡುವು ಮಾಡ್ಕೊಂಡು ಒಮ್ಮೆ ‘ಗುಲಾಬಿ ಟಾಕೀಸ್’ ನೋಡಿ. ನಮ್ಮ ತಾಲ್ಲೂಕಿನ ಹೆಣ್ಣುಮಗಳು ಎಂಥ ನಟಿ ಅನ್ನೋದು ಬೇರೆಯವರು ಹೇಳೋ ಮುಂಚೆ ನಮಗೆ ಗೊತ್ತಿರಬೇಕು.